ಕೈಗೆ ಸಿಕ್ಕ ರುಮಾಲು

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಸಂತೆಯ ದಿನ, ಚಿಕ್ಕೋಡಿಯ ಕಚೇರಿಯ ಜಗಲಿಯ ಮೇಲೆ. ಸಿಪಾಯಿ ಬಂದು, "ಬಾಯಾರ, ಕಾಕಾ ಹ್ವಾದ್ರು" ಎಂದ. "ಎಲ್ಲಿಗೆ?" ಎಂದು ಕೇಳಿಬಿಟ್ಟೆ. ಅವನು ಉತ್ತರ ಕೊಡದೆ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಾಗ ತಿಳಿಯಿತು. ನನ್ನ ಎದುರು ಹಳ್ಳಿಗಳಿಂದ ಬಂದ ಐದಾರು ಜನ ಕೂತಿದ್ದರು. ಅವರಲ್ಲಿ ಅರ್ಧ ಜನಕ್ಕೆ ಕಾಕಾ ಯಾರೆಂದೇ ಗೊತ್ತಿರಲಿಲ್ಲ. ಆದರೂ ಎಲ್ಲರೂ ಎದ್ದು ನಿಂತರು.

ಕಾಕಾ ಆ ಕಚೇರಿಯ ರೆಕಾರ್ಡ್ ಕೀಪರ್ ಆಗಿದ್ದವರು. ಹೆಸರು ಬರೆಯುತ್ತಿಲ್ಲ. ಸುತ್ತಲಿನ ಊರುಗಳ ಮುತ್ತಜ್ಜಂದಿರ ಹೆಸರು ಹುಡುಕಿ ಕೊಟ್ಟವರ ಹೆಸರನ್ನೇ ಬಿಡುವುದು ಸರಿಯೋ ತಪ್ಪೋ, ನನಗೆ ತಿಳಿಯದು. ಅವರೇ ಒಮ್ಮೆ ಹೇಳಿದ್ದರು: "ನನ್ನ ಹೆಸರ ಎಲ್ಲೂ ಹಾಕಬ್ಯಾಡ ತಂಗಿ. ಸಾಹೇಬರ ಕಣ್ಣಿಗೆ ಬಿದ್ದೀತು." ಆಗ ಅವರು ನಿವೃತ್ತರಾಗಿ ಮೂರು ವರ್ಷವಾಗಿತ್ತು.

ಗಿಡ್ಡ ಮನುಷ್ಯ. ಮೊಣಕೈ ಸವೆದ ಕರೀ ಕೋಟು. ಹತ್ತಿರ ಹೋದರೆ ತಂಬಾಕಿನ ಘಾಟು. ಹೊಸಬರು ಅವರನ್ನು ಭಾರೀ ತಂಬಾಕು ತಿನ್ನುವವರೆಂದು ತಿಳಿಯುತ್ತಿದ್ದರು. ಅವರು ಅಡಿಕೆಯನ್ನೂ ಮುಟ್ಟಿದವರಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಗಳಿಂದ ಪುಡಿಕಸ ತರಿಸಿ, ಹುಳ ಬೀಳದಿರಲೆಂದು ಹಳೆಯ ಕಾಗದಗಳ ನಡುವೆ ಉದುರಿಸುತ್ತಿದ್ದರು. ಅದರಿಂದ ಅವರಿಗೆ ದಿನವಿಡೀ ಸೀನು. ಪ್ರತಿ ಸೀನಿಗೂ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡು, "ಯಾರದೋ ಮುತ್ಯಾ ನೆನಸಿದ ನೋಡ್ರಿ" ಎನ್ನುತ್ತಿದ್ದರು.

ಆ ಕಾಗದಗಳು ಕೆಂಪು ಬಟ್ಟೆಯ ಗಂಟುಗಳಲ್ಲಿದ್ದವು. ಒಂದೊಂದು ಗಂಟಿಗೂ ರುಮಾಲು ಎಂದು ಹೆಸರು. ಒಂದೊಂದು ಊರಿಗೂ ಒಂದೋ ಎರಡೋ ರುಮಾಲು. ಹುಟ್ಟು ಸಾವಿನ ಪುಸ್ತಕಗಳು, ಪೊಲೀಸ್ ಪಾಟೀಲರ ವರದಿಗಳು, ಸಂಸ್ಥಾನಗಳು ಹೋದ ಮೇಲೆ ಅಲ್ಲಿಂದ ಗಾಡಿಗಳಲ್ಲಿ ಬಂದ ದಫ್ತರುಗಳು ಎಲ್ಲವೂ ಅದರಲ್ಲೇ. ಹೆಚ್ಚಿನವು ಮೋಡಿ ಲಿಪಿಯಲ್ಲಿದ್ದವು. ಲೇಖಣಿ ಎತ್ತದೆ ಸರಸರ ಎಳೆದ ಆ ಹಳೆಯ ಮರಾಠಿ ಬರಹವನ್ನು ಓದಬಲ್ಲವರು ಕಚೇರಿಯಲ್ಲಿ ಅವರೊಬ್ಬರೇ.

ಸಂತೆಯ ದಿನ ಜನ ಹೇಗೂ ಚಿಕ್ಕೋಡಿಗೆ ಬರುತ್ತಾರೆಂದು ಅವತ್ತೇ ಅವರು ಜಗಲಿಯ ಮೇಲೆ ಕೂರುತ್ತಿದ್ದರು. ಬದನೆಕಾಯಿ ಚೀಲ ಪಕ್ಕಕ್ಕಿಟ್ಟು, ರಾಯಬಾಗದ ಕಡೆಯವರು, ಅಥಣಿಯ ಕಡೆಯವರು ಸರದಿಗೆ ಕಾಯುತ್ತಿದ್ದರು. "ಇವು ಸರಕಾರದ ಕಾಗದ ಅಲ್ರಿ, ನಿಮ್ಮ ಹಿರ್ಯಾರ ಕಾಗದ. ಸರಕಾರ ಕಾಯಾಕ ಕುಂತೈತಿ ಅಷ್ಟ" ಎಂಬುದು ಅವರ ವಾದ. ಅವರದೊಂದು ಕಟ್ಟಳೆಯಿತ್ತು: ರುಮಾಲಿನ ಗಂಟು ಬಿಚ್ಚುವ ಮೊದಲು, ಬಂದವರು ತಮಗೆ ಗೊತ್ತಿರುವ ಹಿರಿಯರ ಹೆಸರುಗಳನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. "ಖಾಲಿ ಬಾಯಿಲೆ ಬಿಚ್ಚಬಾರದ್ರಿ." ಹೆಸರು ಸಿಕ್ಕ ಹಾಳೆಗೆ ಜೋಳದ ದಂಟಿನ ತೆಳು ಸೀಳೊಂದನ್ನು ಗುರುತಿಗೆ ಇಡುತ್ತಿದ್ದರು. ಟಾಚಣಿ ಚುಚ್ಚಿದರೆ ತುಕ್ಕು ಹಿಡಿದು ಹೆಸರನ್ನೇ ತಿನ್ನುತ್ತದೆಂದು ಅವರಿಗೆ ಭಯ.

ಒಬ್ಬ ಗಟ್ಟಿ ಮೀಸೆಯ ರೈತ, ತನ್ನ ಮನೆತನಕ್ಕೂ ದೇಸಾಯರ ವಾಡೆಗೂ ಸಂಬಂಧವಿದೆಯೆಂದು ಬರೆಸಿಕೊಳ್ಳಲು ಬಂದಿದ್ದ. ಕಾಕಾ ಮೂರು ಸಂತೆ ಹುಡುಕಿ, ಹಾಳೆಯ ಮೇಲೆ ಬೆರಳಿಟ್ಟು, "ಸಂಬಂಧ ಐತ್ರೀ ಗೌಡ್ರ" ಎಂದರು. ರೈತ ಎದೆ ಸೆಟೆಸಿದ. "ನಿಮ್ಮ ಮುತ್ಯಾನ ಅಪ್ಪ ಅವರ ಎಮ್ಮಿ ಕದ್ದಾನ್ರಿ." ಜಗಲಿಯೆಲ್ಲ ನಕ್ಕಿತು. ಆತ ಸಿಟ್ಟಿನಿಂದ ಎದ್ದು ಹೋದ. ಮುಂದಿನ ಸಂತೆಗೆ ತಾನೇ ಬಂದು ಮೆಲ್ಲಗೆ, "ಬರಕೊಡ್ರಿ. ಎಮ್ಮಿ ಕದ್ರ ಕದಿಲಿ, ಅವನ ಹೆಸರ ನಮಗ ಗೊತ್ತಿರಲಿಲ್ಲ" ಎಂದ.

ನಾನು ಅವರ ಬಳಿ ಮೊದಲು ಹೋದದ್ದು ಎಂಬತ್ತರ ದಶಕದ ಕೊನೆಗೆ. ಇತಿಹಾಸದಲ್ಲಿ ಪದವಿ ಪಡೆದು ಊರಿನ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದೆ, ಜನ ಬಾಯಾರ ಎಂದು ಕರೆಯತೊಡಗಿದ್ದು ಅಲ್ಲಿಂದಲೇ. ಹೋದದ್ದು ನನಗಾಗಿ ಅಲ್ಲ, ಅವ್ವನಿಗಾಗಿ. ಅವ್ವನನ್ನು ಹೆತ್ತ ತಾಯಿ ಬಾಣಂತನದಲ್ಲೇ ಸತ್ತಿದ್ದಳು. ಅವ್ವನ ಅಪ್ಪ ಭರಮಪ್ಪ ವರ್ಷದೊಳಗೆ ಇನ್ನೊಂದು ಮದುವೆಯಾದ. ಆ ಎರಡನೆಯವಳು ಪದ್ಮವ್ವ. ನಾನು ಆಯಿ, ಅಂದರೆ ಅಜ್ಜಿ, ಎಂದು ಕರೆದದ್ದು ಅವಳನ್ನೇ, ಒಳ್ಳೆಯ ಹೆಂಗಸು. ಸತ್ತವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಪದ್ಮವ್ವ ಇರುವವರೆಗೂ ಅವ್ವನೂ ಕೇಳಲಿಲ್ಲ. "ಆಕಿ ನನ್ನ ಎದಿ ಮ್ಯಾಲ ಹಾಕ್ಕೊಂಡ ಬೆಳಿಸ್ಯಾಳ. ಆಕಿ ಮುಂದ ಹೆಂಗ ಕೇಳಲಿ?" ಪದ್ಮವ್ವ ತೀರಿಕೊಂಡ ಮೇಲೆ ಕೇಳಲು ಹಿರಿಯರೇ ಉಳಿದಿರಲಿಲ್ಲ. ಹೆತ್ತವಳ ತವರು ಉಗಾರ ಬುದ್ರುಕ. ಆ ಮನೆಯವರು ಯಾವಾಗಲೋ ಸಾಂಗಲಿಯ ಕಡೆ ಹೋಗಿ ಸುಳಿವಿಲ್ಲದಂತಾಗಿದ್ದರು. ಈಗ ಅವ್ವನಿಗಿದ್ದದ್ದು ಒಂದೇ ಆಸೆ: ಬಸದಿಯಲ್ಲಿ ಹೆತ್ತವಳ ಹೆಸರಿನಲ್ಲಿ ಒಂದು ಅಭಿಷೇಕ. "ಉಪಾಧ್ಯೇರು ಯಾರ ಹೆಸರಲೆ ಅಂತ ಕೇಳ್ತಾರ. ಏನ್ ಹೇಳಲಿ?"

ಕಾಕಾ ಅವ್ವನ ಊರಿನ ಸಾವಿನ ಪುಸ್ತಕ ತೆಗೆದರು. ಅವ್ವ ಹುಟ್ಟಿದ ತಿಂಗಳಲ್ಲೇ ಒಂದು ಸಾಲು ಸಿಕ್ಕಿತು: ಪದ್ಮವ್ವ ಕೋಂ ಭರಮಪ್ಪ, ಬಾಣಂತಿ. ಕೋಂ ಎಂದರೆ ಹೆಂಡತಿ. ನಾನು ನಕ್ಕೆ. "ಕಾಕಾ, ಪದ್ಮವ್ವ ನನ್ನ ಆಯಿ. ಆಕಿ ಬಾಯಾಗ ನಾನ ನೀರ ಬಿಟ್ಟೀನಿ. ಸತ್ತ ಹತ್ತ ವರ್ಷ ಆಗಿಲ್ಲ." ಅವರೂ ತಲೆಯಾಡಿಸಿದರು. "ಬರದಾಂವ ನಿದ್ದಿಗಣ್ಣಾಗ ಬರದಾನ. ಇರೂ ಹೆಂಡ್ತಿ ಹೆಸರ ಹಾಕ್ಯಾನ." ದಂಟಿನ ಸೀಳು ಇಟ್ಟು ಬದಿಗೆ ಸರಿಸಿದರು. ಆಮೇಲೆ ಸುಮಾರು ಒಂದು ವರ್ಷ ಇಲ್ಲದ ಇನ್ನೊಂದು ಹೆಸರಿಗಾಗಿ ಹುಡುಕಿದೆವು. ಆ ದಿನಗಳಲ್ಲೇ ನಾನು ಅವರಿಂದ ಮೋಡಿ ಕಲಿತೆ.

ಒಂದು ಮುಂಜಾನೆ ಅವರು ನಮ್ಮ ಮನೆಯ ಬಾಗಿಲಿಗೆ ಬಂದರು. ಹಿಂದಿನ ದಿನ ಯಾವುದೋ ಎರಡನೇ ಸಂಬಂಧದ ಮದುವೆಗೆ ಹೋಗಿದ್ದರಂತೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಯವ್ವಾ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ಎರಡನೇದಾಕಿ ಬಂದ್ರ, ಆಕಿಗೆ ಸತ್ತಾಕಿ ಹೆಸರ ಇಡೂ ಪದ್ಧತಿ ಐತೇನ್ರಿ?"

ಅವ್ವನ ಕೈ ನಿಂತಿತು. "ಐತ್ರಿ. ನಮ್ಮ ದೊಡ್ಡಪ್ಪನ ಎರಡನೇ ಹೆಂಡ್ತಿಗೂ ಹಂಗ ಇಟ್ಟಿದ್ರು. ಸತ್ತಾಕಿ ಮನಸ ಮನಿ ಬಿಟ್ಟ ಹೋಗಬಾರದಂತ."

ಸಾವಿನ ಪುಸ್ತಕದ ಆ ಸಾಲು ತಪ್ಪಿರಲಿಲ್ಲ. ಅವ್ವ ಮೊರ ಕೆಳಗಿಟ್ಟು ಕೇಳಿದಳು, "ಅಂದ್ರ ನಲವತ್ತ ವರ್ಷ ದಿನಾ ನನ್ನ ಅವ್ವನ ಹೆಸರ ಕೇಳಕೋತ ಬಂದೀನೇನ್ರಿ ನಾ?"

ಇದು ಗೊತ್ತಿದ್ದ ಪದ್ಧತಿ. ನಮ್ಮ ಮನೆಯದೇ ಪದ್ಧತಿ. ನಮಗೆ ಹೊಳೆಯಲಿಲ್ಲ, ಹೊರಗಿನವರಿಗೆ ಹೊಳೆಯಿತು. ಯಾಕೆ ಹೊಳೆಯಲಿಲ್ಲವೆಂದು ಈಗಲೂ ನನಗೆ ಗೊತ್ತಾಗುವುದಿಲ್ಲ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು: "ಆದ್ರ ಪದ್ಮವ್ವ ಅಂಬೂದು ಮದಿವ್ಯಾಗ ಇಟ್ಟ ಹೆಸರ್ರಿ. ಅಕ್ಕಿ ಮ್ಯಾಲ ಬರದ ಇಡ್ತಾರಲ್ಲ, ಅದು. ತವರಾಗ ಬ್ಯಾರೆ ಹೆಸರ ಇರತೈತಿ. ಆಕಿದಽ ಅಂತ ಒಂದ ಹೆಸರ ಬೇಕ್ರಿ ನನಗ. ಇನ್ನೊಬ್ಬಾಕಿಗೆ ಕೊಡದ್ದು."

"ಉಗಾರದ ರುಮಾಲು ಅಟ್ಟದ ಮ್ಯಾಲ ಐತ್ರಿ" ಎಂದರು ಕಾಕಾ. "ಹುಟ್ಟಿದ ಪುಸ್ತಕದಾಗ ಹೆಣ್ಣಮಕ್ಕಳ ಹೆಸರ ಬರೀತಿದ್ರೋ ಇಲ್ಲೋ. ಕೆಲವ ಕಡೆ ಬರೇ 'ಹೆಣ್ಣು' ಅಂತ ಬರದ ಬಿಟ್ಟಾರ. ನೋಡೂಣು."

ನೋಡುವಷ್ಟರಲ್ಲಿ ಕಚೇರಿಗೆ ಹೊಸ ಸಾಹೇಬರು ಬಂದರು. ಬಂದ ವಾರವೇ ರೆಕಾರ್ಡ್ ರೂಮಿನ ಬಾಗಿಲಿಗೆ "ಸಾರ್ವಜನಿಕರಿಗೆ ಪ್ರವೇಶವಿಲ್ಲ" ಎಂಬ ಹಲಗೆ ಬಿತ್ತು. ರುಮಾಲುಗಳನ್ನು ಹೊರಗೆ ತರುವುದೂ ನಿಂತಿತು. ಮಾಳಿಗೆ ಸೋರುತ್ತಿದೆ, ತೊಲೆ ಹಣ್ಣಾಗಿದೆ, ಒಳಗೆ ಯಾರೂ ಓಡಾಡಬಾರದು ಎಂದು ಸಾಹೇಬರು ಕಾರಣ ಹೇಳಿದರು. ನಾವು ನಂಬಲಿಲ್ಲ. ಕಾಗದ ತೋರಿಸದಿರಲು ಕಚೇರಿಗಳು ಹೇಳುವ ನೆಪಗಳನ್ನು ಸಾಕಷ್ಟು ಕೇಳಿದ್ದೆವು.

ಮನವಿ ಬರೆದವಳು ನಾನು. ಸಂತೆಯಲ್ಲಿ ಕೂತು ಸಹಿ ಹಾಕಿಸಿದವಳೂ ನಾನು. ಕಾಕಾನ ಕಟ್ಟಳೆಯಂತೆ ಪ್ರತಿಯೊಬ್ಬರೂ ಸಹಿಯ ಕೆಳಗೆ ತಮ್ಮ ಅಪ್ಪ, ಮುತ್ಯಾ, ಗೊತ್ತಿರುವಷ್ಟು ಹಿರಿಯರ ಹೆಸರು ಹೇಳಿ ಬರೆಸಿದರು. ಹೆಬ್ಬೆಟ್ಟಿನವರೇ ಹೆಚ್ಚು ಹೆಸರು ಹೇಳಿದರು. ಬಳೆ ಮಾರುವ ಹೆಂಗಸೊಬ್ಬಳು ಏಳು ತಲೆಮಾರು ಹೇಳಿ, "ಎಲ್ಲಾ ಗಂಡಸರದ ಬಂತಲ್ಲವ್ವಾ, ಹೆಂಗಸರದ ಯಾರ ಬರದ ಇಡಬೇಕು?" ಎಂದು ಕೇಳಿದಳು. ಎರಡು ನೋಟುಬುಕ್ಕು ತುಂಬಿತು. ಸಾಹೇಬರು ಅವನ್ನು ಕೊನೆಯ ಹಾಳೆಯವರೆಗೂ ತಿರುವಿ ಹಾಕಿ ಕಾಕಾನ ಕಡೆ ತಿರುಗಿದರು. "ಜನ ಒಳಗ ಬರೂದು ಬ್ಯಾಡ. ಸಂತಿ ದಿನ ನೀವ ಒಬ್ಬರಽ ಹೋಗಿ ರುಮಾಲು ಜಗಲಿಗೆ ತರ್ರಿ. ಮಧ್ಯಾಹ್ನತನಕ ಅಷ್ಟ."

ಜನ ಕಾಕಾನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದೊಂದು ಬಾಕಿ ಇತ್ತು. ಗೆದ್ದೆವೆಂದುಕೊಂಡೆ. ಆ ಕೋಣೆಯೊಳಗೆ ಒಬ್ಬ ಮನುಷ್ಯನನ್ನು ಕಳುಹಿಸಲು ಎರಡು ನೋಟುಬುಕ್ಕು ಸಹಿ ಮಾಡಿಸಿದೆನೆಂದು ಆಗ ತೋಚಲಿಲ್ಲ.

ಆ ಮಳೆಗಾಲದ ಸಂತೆಯ ದಿನದ್ದು ನನ್ನ ತಲೆಯಲ್ಲಿ ಇಂದಿಗೂ ಸರಿಯಾದ ಕ್ರಮದಲ್ಲಿ ನಿಲ್ಲುವುದಿಲ್ಲ. ನಾಲ್ಕು ದಿನದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಉಗಾರದ ರುಮಾಲು ತರಲು ಕಾಕಾ ಒಳಗೆ ಹೋದರು. ಏಣಿ ಹಿಡಿಯಬೇಕಾದ ಸಿಪಾಯಿ ಚಹಾ ತರಲು ಹೋಗಿದ್ದ. ಹಲಗೆ ನೋಡಿಯೂ ನಾನು ಒಳಗೆ ಹೋಗಿ ಏಣಿ ಹಿಡಿದೆ. "ನೀ ಯಾಕ ಬಂದಿ ತಂಗಿ? ಹೊರಗ ನಡಿ" ಎಂದರು ಮೇಲಿನಿಂದ. ನಾನು ಹೋಗಲಿಲ್ಲ. ಕುತ್ತಿಗೆಯ ಮೇಲೆ ಮಣ್ಣು ಉದುರಿತು. ಅದು ತಂಬಾಕಿನ ಪುಡಿಯೆಂದು ಕೊಡವಿಕೊಂಡೆ. ಆಮೇಲೆ ಕಬ್ಬು ತುಂಬಿದ ಗಾಡಿಯ ಅಚ್ಚು ನರಳಿದಂತೆ ಒಂದು ಸದ್ದು. ಕಾಕಾ ಏಣಿಯಿಂದ ಜಿಗಿದದ್ದು, ನನ್ನ ರಟ್ಟೆ ಹಿಡಿದು ಎಳೆದದ್ದು, ಇಬ್ಬರೂ ಜಗಲಿಗೆ ಬಿದ್ದದ್ದು ಇವು ಸರಿಯಾಗಿ ನೆನಪಿವೆ. ಅವರ ಕೈ ಖಾಲಿಯಿತ್ತು. ಮೊದಲ ಏಟಿಗೆ ಕುಸಿದದ್ದು ಒಂದು ಮೂಲೆ ಮಾತ್ರ. ಕೋಣೆ ಇನ್ನೂ ನಿಂತಿತ್ತು. ಇಬ್ಬರೂ ಬದುಕಿದ್ದೆವು.

ಆಗ ನಾನು ಬಲಗೈಯನ್ನು ಕೋಣೆಯ ಕಡೆ ಚಾಚಿದ್ದೆ. ಬಾಯಿ ತೆರೆದಿತ್ತು. ಏನಂದೆ?

ಕಾಕಾ ನನ್ನ ಮುಖ ನೋಡಿದರು. ತಿರುಗಿ ಒಳಗೆ ಓಡಿದರು. ಆಮೇಲೆ ಮಾಳಿಗೆ ಪೂರ್ತಿ ಕೆಳಗೆ ಬಂತು.

ಸಂತೆಯ ಜನ ಬರಿಗೈಯಿಂದ ಮಣ್ಣು ಬಗೆದರು. ಬಾಗಿಲಿನಿಂದ ನಾಲ್ಕು ಹೆಜ್ಜೆಯೊಳಗೆ ಅವರು ಸಿಕ್ಕರು. ಎಡಗಾಲಿನ ಮೇಲೆ ತೊಲೆ. ಎದೆಗೆ ಅವುಚಿಕೊಂಡ ಒಂದು ಕೆಂಪು ರುಮಾಲು. ಅವರನ್ನು ಎತ್ತಿನ ಗಾಡಿಗೆ ಹಾಕುವಾಗ ಅದು ಜಾರಿ ನನ್ನ ಕಾಲ ಬಳಿ ಬಿತ್ತು. ಗಂಟಿಗೆ ಕಟ್ಟಿದ್ದ ಚೀಟಿ ಓದಿದೆ. ಕುಡಚಿ.

ಉಗಾರದ್ದು ಅಟ್ಟದೊಂದಿಗೆ ಕೆಸರಿನಲ್ಲಿ ಹೋಯಿತು. ವಾರದ ಮೇಲೆ ಸಿಕ್ಕಾಗ ಅಂಬಲಿಯಂತಾಗಿತ್ತು. ಬಟ್ಟೆಯ ಕೆಂಪು ಹಾಳೆಗಳಿಗೆಲ್ಲ ಇಳಿದು, ಒಂದಕ್ಷರ ಇನ್ನೊಂದರಿಂದ ಬೇರೆಯಾಗದಂತಿತ್ತು.

ನಾನೇನಂದೆನೆಂದು ಕಂಡವರನ್ನೆಲ್ಲ ಕೇಳಿದೆ. ಚಹಾ ಹಿಡಿದು ಆಗಷ್ಟೇ ಬಂದಿದ್ದ ಸಿಪಾಯಿ, "ನೀವೇನೂ ಅನ್ಲಿಲ್ರೀ ಬಾಯಾರ, ಬರೇ ಬಾಯಿ ತಕ್ಕೊಂಡ ನಿಂತಿದ್ರಿ" ಎಂದ. ಬಳೆಯ ಹೆಂಗಸು, "ಉಗಾರದ್ದು, ಉಗಾರದ್ದು ಅಂತ ಎರಡ ಸಲ ಚೀರಿದೆವ್ವಾ ನೀ" ಎಂದಳು. ಇಬ್ಬರೂ ಸುಳ್ಳಾಡುವವರಲ್ಲ.

ಆಸ್ಪತ್ರೆಯಲ್ಲಿ ಕಾಕಾನ ಕಾಲು ಮೇಲೆ ಕಟ್ಟಿ ತೂಗುಹಾಕಿದ್ದರು. ಅವರ ಹೆಂಡತಿ ಮುಸುಂಬಿ ಸುಲಿಯುತ್ತ, ನನ್ನ ಮುಖ ನೋಡದೆ, "ಕಾಗದಕ್ಕ ಕಾಲ ಕೊಟ್ರು ನೋಡ್ರೆವ್ವಾ" ಎಂದರು. ನನಗೆ ಎರಡು ಮಾತು ಕೇಳಬೇಕಿತ್ತು. ನಾನು ಹೇಳಿದ್ದಕ್ಕೆ ಒಳಗೆ ಹೋದಿರಾ? ಹಾಗಾದರೆ ಕುಡಚಿಯದನ್ನೇಕೆ ತಂದಿರಿ? ಮೊದಲನೆಯದನ್ನು ಬಿಟ್ಟೆ. ಎರಡನೆಯದನ್ನೇ ಕೇಳಿದೆ. ನಾಚಿಕೆಯಾಗುತ್ತದೆ, ಕೇಳುವಾಗ ನನ್ನ ದನಿಯಲ್ಲಿ ಸಿಟ್ಟಿತ್ತು.

ಅವರು ನಗಲು ಹೋಗಿ ನೋವಿಗೆ ಮುಖ ಕಿವುಚಿದರು. "ದೂಳಾಗ ಕೈಗೆ ಸಿಕ್ಕದ್ದ ತಂದ್ನಿ, ತಂಗಿ. ಅದೂ ಯಾರದರ ಮುತ್ಯಾಂದ ಐತಿ."

ಮೊದಲನೆಯದನ್ನು ಆಮೇಲೂ ಕೇಳಲಿಲ್ಲ. ಅವರು ಕೋಲೂರಿ ಸಂತೆಗೆ ಬರುತ್ತಿದ್ದ ಅಷ್ಟೂ ವರ್ಷ, ಹೊಸ ಕಟ್ಟಡದ ಜಗಲಿಯಲ್ಲಿ ಸಾಹೇಬರ ಒಪ್ಪಿಗೆಯ ಮೇರೆಗೆ ನಾನು ಮೋಡಿ ಓದಿ ಹೇಳುತ್ತಿದ್ದ ಅಷ್ಟೂ ಸಂತೆಗಳಲ್ಲಿ, ಅವರು ಪಕ್ಕದಲ್ಲೇ ಕೂತಿರುತ್ತಿದ್ದರು. ನನ್ನ ಓದು ತಪ್ಪಿದರೆ ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಕೇಳಬಹುದಿತ್ತು. ಆ ಹಲಗೆ ಸರಿಯಿತ್ತೋ, ನಮ್ಮ ಮನವಿ ಸರಿಯಿತ್ತೋ ಎಂಬುದನ್ನೂ ಕೇಳಬಹುದಿತ್ತು.

ಅವ್ವ ಮಾತ್ರ ಎಲ್ಲವನ್ನೂ ತನ್ನ ರೀತಿಯಲ್ಲಿ ಮುಗಿಸಿಕೊಂಡಳು. ಕಾಕಾ ಎದ್ದು ಓಡಾಡುವಂತಾದ ಮೇಲೆ ಅಭಿಷೇಕಕ್ಕೆ ದಿನ ಗೊತ್ತು ಮಾಡಿದಳು. ಹಾಲು, ಎಳನೀರು, ನಮ್ಮದೇ ಹೊಲದ ಕಬ್ಬಿನ ಹಾಲು. ಉಪಾಧ್ಯೇರು, "ಯಾರ ಹೆಸರಲೆ?" ಎಂದರು.

"ಪದ್ಮವ್ವ."

"ಅಂದ್ರ ನಿಮ್ಮನ್ನ ಸಾಕಿದಾಕಿ?"

"ಎರಡ ಸಲ ಕರೀರಿ" ಎಂದಳು ಅವ್ವ. "ಇಬ್ಬರ ಅದಾರ."

ಉಪಾಧ್ಯೇರು ತಬ್ಬಿಬ್ಬಾದರೂ ಎರಡು ಸಲ ಕರೆದರು. ಬಾಗಿಲ ಬಳಿ ಕೋಲೂರಿ ನಿಂತಿದ್ದ ಕಾಕಾ ಸೀನಿದರು. ಅವ್ವ ಮನೆಗೆ ಬಂದ ಮೇಲೆ, "ಆಕಿ ಹೆಸರ ಸಿಗಲಿಲ್ಲ ಬಿಡು" ಎಂದು ಒಮ್ಮೆ ಹೇಳಿದಳು. ಮತ್ತೆಂದೂ ಹೇಳಲಿಲ್ಲ. ಉಗಾರದ ಪುಸ್ತಕದಲ್ಲಿ ಹೆಸರಿತ್ತೋ, ಬರೇ "ಹೆಣ್ಣು" ಎಂದಿತ್ತೋ, ಅದೂ ಗೊತ್ತಿಲ್ಲ.

ಕಾಕಾ ತೀರಿಕೊಂಡ ಸುದ್ದಿ ಬಂದ ದಿನ ನನ್ನ ಎದುರು ಎದ್ದು ನಿಂತವರಲ್ಲಿ ಕುಡಚಿಯಿಂದ ಬಂದ ಒಬ್ಬ ಮುದುಕರಿದ್ದರು. ಬಿಳಿ ಗಡ್ಡ, ಕೈಯಲ್ಲಿ ಊಟದ ಡಬ್ಬಿ. ಕೃಷ್ಣೆಯ ನೀರು ಏರಿದಾಗ ಅವರ ಹಿರಿಯರ ಕಬರಿನ ಕಲ್ಲು ಸವೆದು ಹೆಸರು ಅಳಿಸಿತ್ತು, ಹೊಸದಾಗಿ ಕೆತ್ತಿಸಬೇಕೆಂದಿದ್ದರು. ಅವರ ಊರಿನ ರುಮಾಲು ನನ್ನ ಮುಂದೆ ಆಗಲೇ ತಂದಿಡಲಾಗಿತ್ತು. ಬಟ್ಟೆಯ ಒಂದು ಬದಿಗೆ ಮಾಳಿಗೆ ಬಿದ್ದ ದಿನದ ಮಣ್ಣಿನ ಕಲೆ ಇನ್ನೂ ಇದೆ.

"ಇವತ್ತ ಬ್ಯಾಡ್ರಿ ಬೇಟಿ" ಎಂದರು ಮುದುಕರು. "ನಿಮ್ಮ ಕಾಕಾ ಹೋಗ್ಯಾರ ಅಂದ್ರ, ನಾ ಮುಂದಿನ ಸಂತಿಗೆ ಬರ್ತೀನಿ."

"ಕಾಕಾರ ಮಣ್ಣು ಸಂಜೀಕ ಐತ್ರಿ" ಎಂದ ಸಿಪಾಯಿ.

ಕೂತುಕೊಳ್ಳಿರೆಂದೆ. ಗೊತ್ತಿದ್ದ ಹೆಸರುಗಳನ್ನು ಹೇಳಿರೆಂದೆ. ಅವರು ಗಂಟಲು ಸರಿಮಾಡಿಕೊಂಡು ತಮ್ಮ ಹೆಸರು, ಅಬ್ಬಾನ ಹೆಸರು, ದಾದಾನ ಹೆಸರು ಹೇಳಿ, "ಮುಂದ ಗೊತ್ತಿಲ್ರಿ" ಎಂದು ನಿಲ್ಲಿಸಿದರು. ಹುಡುಕಲು ಬಹಳ ಹೊತ್ತು ಹಿಡಿಯಲಿಲ್ಲ. ಸಾವಿನ ಪುಸ್ತಕದಲ್ಲಿ ದಾದಾನ ಸಾಲಿನಲ್ಲೇ ಅವನ ತಂದೆಯ ಹೆಸರಿತ್ತು. ಓದಿ ಹೇಳಿದೆ. ಮುದುಕರು ಅದನ್ನು ಮೂರು ಸಲ ಮೆಲ್ಲಗೆ ಹೇಳಿಕೊಂಡರು, ಹೊಸ ಹಣ್ಣು ಬಾಯಿಗೆ ಹಾಕಿಕೊಂಡವರಂತೆ. ಆಮೇಲೆ ಗಡ್ಡ ಒದ್ದೆಯಾಗುವಷ್ಟು ಅತ್ತರು.

"ಇಷ್ಟ ವರ್ಷ ಇದನ್ನ ಯಾರ ಕಾದ ಇಟ್ಟಾರ್ರಿ?" ಎಂದು ಕೇಳಿದರು.

ಸಂಜೆ ಯಾರ ಮಣ್ಣಿಗೆ ಹೋಗುತ್ತಿದ್ದೇನೆಂದು ಹೇಳಿದೆ. ತಾನೂ ಬರುತ್ತೇನೆಂದರು. ಬಸ್ಸು ತಪ್ಪುತ್ತದಲ್ಲ ಎಂದರೆ, "ತಪ್ಪಲಿ ಬಿಡ್ರಿ" ಎಂದರು.

ನನಗೆ ಸಂತೋಷವಾಯಿತೋ ಹೊಟ್ಟೆ ಉರಿಯಿತೋ, ಆಗ ತಿಳಿಯಲಿಲ್ಲ. ಬರೆಯುತ್ತಿರುವ ಈಗಲೂ ತಿಳಿಯದು. ಆ ಹಾಳೆಗೆ ಜೋಳದ ದಂಟಿನ ಸೀಳು ಇಟ್ಟೆ. ಪುಸ್ತಕ ಮುಚ್ಚಿ, ಕೆಂಪು ಬಟ್ಟೆ ಮಡಚಿ, ಗಂಟು ಹಾಕಿದೆ. ಹಾಕುವಾಗ ಕೈ ನೋಡಿಕೊಂಡೆ. ಅವತ್ತು ಕೋಣೆಯ ಕಡೆ ಚಾಚಿದ್ದ ಬಲಗೈ ಅದೇ.